ಹಲೋ ಅಕ್ಕ ಹುಡುಕಿದ ನಲವತ್ತೊಂದನೇ ಪೆಟ್ಟಿಗೆ

ಆ ದೊಡ್ಡ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ಹಲೋ ಅಕ್ಕ. ಹತ್ತೊಂಬತ್ತನೇ ವಯಸ್ಸಿಗೆ ಟೆಲಿಫೋನ್ ಆಪರೇಟರಾಗಿ ಸೇರಿದವಳು, ಮೂವತ್ತೆರಡು ವರ್ಷ ನೆಲಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಹೊರಗಿನಿಂದ ಬಂದ ಕರೆಗಳನ್ನು ಒಳಗಿನ ನಾನೂರು ಫೋನುಗಳಿಗೆ ಜೋಡಿಸಿಕೊಟ್ಟಿದ್ದಳು. ಯಾವ ನಂಬರು ಯಾರದೆಂದು ಅವಳು ಪುಸ್ತಕ ನೋಡಿ ಹೇಳಿದ್ದನ್ನು ಕಂಡವರಿಲ್ಲ. ಹೆರಿಗೆ ವಾರ್ಡು ಇನ್ನೂರ ಹನ್ನೆರಡು, ಎಕ್ಸ್‌ರೇ ನೂರ ನಲವತ್ತು, ಅಡುಗೆಮನೆ ಹದಿನೇಳು. ನಿದ್ದೆಯಿಂದ ತಟ್ಟಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತಿತ್ತು.

ಆದರೆ ಕುರ್ಚಿ ಬಿಟ್ಟು ಏಳುವ ಹಾಗಿಲ್ಲದ ಕೆಲಸವದು. ಹಾಗಾಗಿ ಆಸ್ಪತ್ರೆಯ ಮುಕ್ಕಾಲು ಪಾಲನ್ನು ಅವಳು ಕಣ್ಣಾರೆ ನೋಡಿಯೇ ಇರಲಿಲ್ಲ. ಗೇಟಿನಿಂದ ತನ್ನ ಕೋಣೆ, ಕೋಣೆಯಿಂದ ಕ್ಯಾಂಟೀನು, ಸಂಜೆ ಮತ್ತೆ ಗೇಟು. ಇಷ್ಟೇ ಅವಳ ಓಡಾಟ. ಎಲ್ಲರ ದನಿ ಗೊತ್ತು, ಮುಖ ಗೊತ್ತಿಲ್ಲ. ಒಮ್ಮೆ ಕ್ಯಾಂಟೀನಿನಲ್ಲಿ ಎದುರಿಗೆ ಕೂತ ಬಿಳಿಕೂದಲಿನವರ ಹತ್ತಿರ ಉಪ್ಪು ಕೇಳಿದಳು. ಅವರು "ತಗೊಳ್ಳಮ್ಮ" ಅಂದ ತಕ್ಷಣ ಅವಳ ಕೈಯ ಚಮಚ ಜಾರಿತು. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಮಾತಾಡಿಸುತ್ತಿದ್ದ ಮೂಳೆ ಡಾಕ್ಟರ ದನಿ ಅದು.

ಅವಳಿಗೆ ಐವತ್ತೊಂದು ತುಂಬಿದ ವರ್ಷ ಎಲ್ಲ ಫೋನುಗಳೂ ಕಂಪ್ಯೂಟರಿನ ತಂತಿಗೆ ಸೇರಿಕೊಂಡವು. ಕರೆಗಳು ತಮ್ಮಷ್ಟಕ್ಕೆ ತಾವೇ ಹೋಗಬೇಕಾದ ಕಡೆ ಹೋಗತೊಡಗಿದವು. ಆಪರೇಟರ್ ಕೋಣೆಗೆ ಬೀಗ ಬಿತ್ತು. ಹಲೋ ಅಕ್ಕನನ್ನು ಏನು ಮಾಡುವುದೆಂದು ಆಡಳಿತದವರು ಒಂದು ತಿಂಗಳು ಯೋಚಿಸಿ, ಕೊನೆಗೆ ಮೊದಲ ಮಹಡಿಯ ನೆಟ್‌ವರ್ಕ್ ಕೋಣೆಗೆ ಕಳಿಸಿದರು. "ಅಲ್ಲೂ ಕೂತು ನೋಡೋ ಕೆಲಸಾನೇ, ನಿಮಗೆ ಅಭ್ಯಾಸ ಇದೆಯಲ್ಲ" ಎಂದು ಸಮಾಧಾನ ಬೇರೆ ಹೇಳಿದರು.

ಕೂತು ನೋಡುವುದೇನೋ ಸರಿ. ಏನನ್ನು ನೋಡುತ್ತಿದ್ದೇನೆ ಅನ್ನುವುದೇ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯ ಗೋಡೆಗಳ ಮೇಲೆ, ಮೆಟ್ಟಿಲ ಕೆಳಗೆ, ಬಾಗಿಲ ಹಿಂದೆ ಎಂದು ಒಟ್ಟು ನೂರ ನಲವತ್ತು ಕಬ್ಬಿಣದ ಪೆಟ್ಟಿಗೆಗಳಿದ್ದವು. ಕಂಪ್ಯೂಟರು, ಫೋನು, ಯಂತ್ರಗಳಿಂದ ಬಂದ ತಂತಿಗಳೆಲ್ಲ ಅವುಗಳಿಗೆ ಸಿಕ್ಕಿಕೊಳ್ಳುತ್ತಿದ್ದವು. ಅವುಗಳ ಹೆಸರು ಸ್ವಿಚ್ ಎಂದು. ಆದರೆ ಸ್ವಿಚ್ ಎಂದರೆ ದೀಪದ ಗುಂಡಿಯೆಂದೇ ಎಲ್ಲರಿಗೂ ರೂಢಿಯಾಗಿದ್ದರಿಂದ ಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಅವಳ ಮುಂದಿನ ಪರದೆ ಐದು ನಿಮಿಷಕ್ಕೊಮ್ಮೆ ಪ್ರತಿ ಪೆಟ್ಟಿಗೆಯನ್ನೂ ವಿಚಾರಿಸುತ್ತಿತ್ತು: ನಿನ್ನ ಹೆಸರೇನು, ಎಲ್ಲಿದ್ದೀಯ, ಎಷ್ಟು ದಿನದಿಂದ ಆರದೆ ಓಡುತ್ತಿದ್ದೀಯ, ಮೈ ಎಷ್ಟು ಬಿಸಿ, ಎಷ್ಟು ತಂತಿಗೆ ಜೀವ ಇದೆ. ಪೆಟ್ಟಿಗೆ ಹೇಳಿದ ಉತ್ತರ ಪಟ್ಟಿಯಲ್ಲಿ ಮೂಡುತ್ತಿತ್ತು. ಹಸಿರು ಇದ್ದರೆ ಸುಖ, ಕೆಂಪು ಬಂದರೆ ಇಂಜಿನಿಯರನ್ನು ಕರೆಯಬೇಕು.

ಇಂಜಿನಿಯರಿಗೆ ಮೂವತ್ತೈದರ ವಯಸ್ಸು. ಒಳ್ಳೆಯವನೇ. ಆದರೆ ಒಬ್ಬನ ತಲೆಯ ಮೇಲೆ ಮೂವರ ಕೆಲಸ ಬಿದ್ದಿದ್ದರಿಂದ ಯಾವಾಗಲೂ ಹಣೆ ಒತ್ತಿಕೊಳ್ಳುತ್ತಿದ್ದ. ಮೊದಲ ದಿನವೇ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಪಾಠ ಹೇಳಿದ.

"ಅಕ್ಕಾ, ಇವನ್ನೆಲ್ಲ ಮ್ಯಾನೇಜ್ಡ್ ಆಬ್ಜೆಕ್ಟ್ ಅಂತಾರೆ. ಅಂದ್ರೆ ನಾವು ಇಲ್ಲಿಂದಲೇ ನೋಡ್ಕೊಳ್ಳೋ ವಸ್ತುಗಳು."

"ಯಾವುದು ಸರ್, ಈ ಪೆಟ್ಟಿಗೆಗಳಾ?"

"ಅಲ್ಲ. ಪೆಟ್ಟಿಗೆ ಪೆಟ್ಟಿಗೇನೇ. ಪೆಟ್ಟಿಗೆಯ ಬಿಸಿ ಇದೆಯಲ್ಲ, ಅದೊಂದು ವಸ್ತು. ಅದರ ಹೆಸರು ಒಂದು ವಸ್ತು. ಅದು ಎಲ್ಲಿದೆ ಅನ್ನೋದು ಇನ್ನೊಂದು ವಸ್ತು. ಒಂದೊಂದಕ್ಕೂ ಒಂದು ನಂಬರು. ಕೆಲವನ್ನ ಬರೀ ಓದಬಹುದು, ಕೆಲವನ್ನ ಬದಲಾಯಿಸಲೂಬಹುದು."

ಅಕ್ಕ ಪರದೆ ನೋಡಿದಳು, ಅವನನ್ನು ನೋಡಿದಳು. "ಹೆಸರು ವಸ್ತು, ಆದ್ರೆ ಪೆಟ್ಟಿಗೆ ವಸ್ತು ಅಲ್ಲ?"

"ಹೂಂ… ಒಂಥರಾ ಹಾಗೇ."

"ಅದು ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತು ಸರ್? ಕಣ್ಣಿದೆಯಾ?"

"ಇಲ್ಲಪ್ಪ. ಗೋಡೆಗೆ ಹಾಕೋವಾಗ ಯಾರೋ ಅದರೊಳಗೆ ಟೈಪ್ ಮಾಡಿರ್ತಾರೆ. ಕೇಳಿದಾಗ ಅದನ್ನೇ ಹೇಳುತ್ತೆ."

"ಅಂದ್ರೆ ಯಾರೋ ಹೇಳಿಕೊಟ್ಟಿದ್ದನ್ನ ಹೇಳುತ್ತೆ."

"ಹೂಂ, ಹಾಗೇ ಇಟ್ಕೊಳ್ಳಿ" ಎಂದು ಅವನು ಹಣೆ ಒತ್ತಿಕೊಂಡು ಎದ್ದು ಹೋದ.

ನಂಬರುಗಳೆಂದರೆ ಅವಳಿಗೆ ನೆಂಟರಿದ್ದಂತೆ. ಒಂದು ಚುಕ್ಕೆ ಮೂರು ಚುಕ್ಕೆ ಆರು ಚುಕ್ಕೆ ಒಂದು ಎಂದು ರೈಲಿನ ಹಾಗೆ ಉದ್ದಕ್ಕೆ ಸಾಗುವ ಆ ನಂಬರುಗಳನ್ನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿಬಿಟ್ಟಳು. ಇಂಜಿನಿಯರೇ ಬೆರಗಾದ. ಆದರೆ ಮಂತ್ರ ಬಾಯಿಗೆ ಬಂತೇ ಹೊರತು ಅರ್ಥ ತಲೆಗೆ ಹತ್ತಲಿಲ್ಲ. ಎರಡನೇ ತಿಂಗಳು ಆಗಬಾರದ್ದೊಂದು ಆಗಿಯೇ ಹೋಯಿತು. ಕ್ಯಾಂಟೀನಿನಲ್ಲಿ ಬಳಸದ ಒಂದು ತಂತಿಯನ್ನು ಪರದೆಯಿಂದಲೇ ಮುಚ್ಚಲು ಹೇಳಿದ್ದರು. ಅವಳು ಒಂದು ಸಾಲು ಕೆಳಗೆ ಒತ್ತಿದಳು. ಮುಚ್ಚಿಹೋದದ್ದು ಎಕ್ಸ್‌ರೇ ವಿಭಾಗದ ತಂತಿ. ಇಪ್ಪತ್ತು ನಿಮಿಷ ಒಂದು ಚಿತ್ರವೂ ಡಾಕ್ಟರುಗಳ ಕೈಸೇರಲಿಲ್ಲ. ಯಾರಿಗೂ ತೊಂದರೆಯಾಗಲಿಲ್ಲ, ನಿಜ. ಆದರೆ ಮಾರನೆಯ ದಿನ ಅವಳ ಪರದೆಯ ಮೇಲೆ ಒಂದು ಚೀಟಿ ಅಂಟಿತ್ತು: "ಓದಿ. ಮುಟ್ಟಬೇಡಿ." ಬದಲಾಯಿಸುವ ಅಧಿಕಾರವನ್ನು ಅವಳ ಹೆಸರಿನಿಂದ ತೆಗೆದುಹಾಕಿದ್ದರು.

ಅಂದಿನಿಂದ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. ಒಲೆ ಆರಿಸಿದೆನೋ ಇಲ್ಲವೋ ಎಂದು ಮನೆಯಲ್ಲಿ ಎರಡೆರಡು ಸಲ ನೋಡುವಳು. ಬಸ್ಸಿನ ನಂಬರು ಸರಿಯಾಗಿ ಕಂಡರೂ ಪಕ್ಕದವರನ್ನು ಕೇಳಿಯೇ ಹತ್ತುವಳು.

ಅವಳ ಗಂಡ ಬೀಗ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. "ನಾನು ನೋಡು, ಬೀಗ ತೆಗೀತೀನಿ, ಬಾಗಿಲ ಆಚೆ ಏನಿದೆ ಅಂತ ಕೇಳೋದೇ ಇಲ್ಲ. ನೀನೂ ಹಾಗೇ ಇರು" ಅನ್ನುತ್ತಿದ್ದ. ಕಿವಿ ಮಂದವಾದ ಅತ್ತೆಗೆ ಸೊಸೆಯ ಹೊಸ ಕೆಲಸ ಯಾವ ಕಾಲಕ್ಕೂ ಅರ್ಥವಾಗಲಿಲ್ಲ. "ಪೆಟ್ಟಿಗೆ ಬಿಸಿ ಎಷ್ಟಿದೆ ಅಂತ ನೋಡ್ತೀಯಾ? ಅದಕ್ಕೇನು ಜ್ವರ ಬರುತ್ತೇನೇ?" ಎಂದು ಕೇಳುವರು. "ಬರುತ್ತೆ ಅತ್ತೆ" ಅಂದರೆ, "ಮತ್ತೆ ಅಷ್ಟು ದೊಡ್ಡ ಆಸ್ಪತ್ರೇಲಿ ಇದ್ದೀರಲ್ಲ, ಯಾರಿಗಾದ್ರೂ ತೋರಿಸಿ" ಅನ್ನುವರು.

ಜ್ವರ ಬಂದೇ ಬಂತು. ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಪಟ್ಟಿಯ ನಲವತ್ತೊಂದನೇ ಸಾಲು ಹಳದಿಗೆ ತಿರುಗಿತು. ಬಿಸಿ ಐವತ್ತೆಂಟು. ಐದು ನಿಮಿಷದ ಮೇಲೆ ಅರವತ್ತು. ಆಮೇಲೆ ಅರವತ್ತೊಂದು. ಇರುವ ಜಾಗ: "ಮಕ್ಕಳ ವಾರ್ಡ್, ಮೂರನೇ ಮಹಡಿ."

ಇಂಜಿನಿಯರು ಆಡಳಿತದ ಸಭೆಯಲ್ಲಿದ್ದ. ಅಕ್ಕ ಏಣಿಯಣ್ಣನಿಗೆ ಫೋನು ಮಾಡಿದಳು. ಇಪ್ಪತ್ತೈದು ವರ್ಷದಿಂದ ಆಸ್ಪತ್ರೆಯಲ್ಲಿ ತಂತಿ ಎಳೆಯುತ್ತಿದ್ದ ಅವನನ್ನು ಹೆಗಲ ಮೇಲೆ ಏಣಿಯಿಲ್ಲದೆ ನೋಡಿದವರಿರಲಿಲ್ಲ. ಅವನು ಮಕ್ಕಳ ವಾರ್ಡಿಗೆ ಹೋಗಿ, ಗೋಡೆಗೆ ಏಣಿ ಆನಿಸಿ ಹತ್ತಿ, ಅಲ್ಲಿಂದಲೇ ಮೊಬೈಲಿನಲ್ಲಿ ಹೇಳಿದ: "ಅಕ್ಕಾ, ನಲವತ್ತೊಂದು ಅಂತ ಸ್ಟಿಕರ್ ಇದೆ. ಇದೇ ಪೆಟ್ಟಿಗೆ. ಮುಟ್ಟಿ ನೋಡ್ತಿದ್ದೀನಿ, ತಣ್ಣಗೆ ಮಲಗಿದೆ. ಫ್ಯಾನೂ ತಿರುಗ್ತಿದೆ."

"ಇಲ್ಲಿ ಅರವತ್ತಮೂರು ಅಂತಿದೆಯಲ್ಲಾ!"

"ಅರವತ್ತಮೂರು ಇದ್ದಿದ್ರೆ ನನ್ನ ಬೆರಳಿಗೆ ಇಷ್ಟೊತ್ತಿಗೆ ಬೊಬ್ಬೆ ಬರ್ತಿತ್ತು."

ಅಕ್ಕ ಕಣ್ಣುಜ್ಜಿಕೊಂಡಳು. ಮತ್ತೆ ಒಂದು ಸಾಲು ಕೆಳಗೆ ನೋಡುತ್ತಿದ್ದೇನೇನೋ ಎಂದು ಪರದೆಯ ಮೇಲೆ ಅಡ್ಡಪಟ್ಟಿ ಇಟ್ಟು ನೋಡಿದಳು. ನಲವತ್ತೊಂದೇ. ಅರವತ್ತಮೂರೇ. ಎಕ್ಸ್‌ರೇ ಕತೆಯೇ ಮತ್ತೆ ಶುರುವಾಯಿತೇ?

ಹತ್ತೂವರೆಗೆ ಇಂಜಿನಿಯರು ಬಂದ. ಅಷ್ಟರಲ್ಲಿ ಅರವತ್ತಾರಾಗಿತ್ತು, ಸಾಲು ಕೆಂಪಾಗಿತ್ತು. ಅವನು ನಿಂತೇ ನೋಡಿ ಹೇಳಿದ: "ಬಿಸಿ ಅಳೆಯೋ ಸೆನ್ಸಾರ್ ಕೆಟ್ಟಿರುತ್ತೆ ಅಕ್ಕಾ. ಆ ಎಚ್ಚರಿಕೆ ನಿಲ್ಲಿಸಿಬಿಡ್ತೀನಿ."

"ಏಣಿಯಣ್ಣ ತಣ್ಣಗಿದೆ ಅಂತಾನೆ, ಇದು ಬಿಸಿ ಅಂತಿದೆ. ಯಾರನ್ನ ನಂಬೋದು ಸರ್?"

"ಏಣಿಯಣ್ಣನ್ನೇ. ಪೆಟ್ಟಿಗೆ ಅವನ ಕೈಯಲ್ಲೇ ಇದೆಯಲ್ಲ."

ಮಾತು ಸರಿಯಾಗಿಯೇ ಇತ್ತು. ಆದರೂ ಅಕ್ಕನ ಮನಸ್ಸು ಒಪ್ಪಲಿಲ್ಲ. ಪಟ್ಟಿಯಲ್ಲಿ ಆ ಸಾಲಿನ ಬೇರೆ ಮನೆಗಳನ್ನು, ಎಂದರೆ ಅಂಕಣಗಳನ್ನು, ಸುಮ್ಮನೆ ಓದುತ್ತ ಕೂತಳು. ಓದುವುದಕ್ಕೆ ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಜೀವ ಇರುವ ತಂತಿಗಳು: ಏಳು. ಏಣಿಯಣ್ಣ ಇನ್ನೂ ವಾರ್ಡಿನಲ್ಲೇ ಇದ್ದ. ಫೋನು ಮಾಡಿ ಅವನನ್ನು ಮತ್ತೆ ಏಣಿ ಹತ್ತಿಸಿದಳು.

"ಅಣ್ಣಾ, ಎಷ್ಟು ದೀಪ ಮಿನುಗ್ತಿವೆ ಎಣಿಸ್ತೀಯಾ?"

"ಹತ್ತೊಂಬತ್ತು."

"ಸರಿಯಾಗಿ ಎಣಿಸಪ್ಪ."

"ಅಕ್ಕಾ, ನಾನು ಸ್ಕೂಲಲ್ಲಿ ಫೇಲಾಗಿದ್ದು ನಿಜ. ಆದ್ರೆ ಇಪ್ಪತ್ತರ ತನಕ ಬರುತ್ತೆ. ಹತ್ತೊಂಬತ್ತು."

ಏಳೆಲ್ಲಿ, ಹತ್ತೊಂಬತ್ತೆಲ್ಲಿ! ಅವಳು ಇಂಜಿನಿಯರಿಗೆ ಹೇಳಿದಳು. ಅವನು ಪರದೆಗೆ ಬಗ್ಗಿ ಆ ಏಳನ್ನು ತಾನೇ ಓದಿದ. ಆಮೇಲೆ, "ಆಟದ ಕೋಣೆ ಟಿವಿ ತಂತಿ ಅದೇ ಪೆಟ್ಟಿಗೆಗೆ ಬಂದಿರುತ್ತೆ, ಅದನ್ನ ಎರಡು ನಿಮಿಷ ಕಿತ್ತು ನೋಡೋಕೆ ಹೇಳಿ" ಅಂದ. ಏಣಿಯಣ್ಣ ಕಿತ್ತ. ಹಿಂದಿನಿಂದ ಮಕ್ಕಳ ಕೂಗು ಫೋನಿನಲ್ಲಿ ಕೇಳಿಸಿತು. ಪರದೆಯ ಮೇಲೆ ಇಂಜಿನಿಯರು ಐದು ನಿಮಿಷ ಕಾಯದೆ ತಾನೇ ಪೆಟ್ಟಿಗೆಯನ್ನು ಮತ್ತೆ ಕೇಳಿದ. ಏಳು. ಕಿತ್ತರೂ ಏಳು, ಹಾಕಿದರೂ ಏಳು.

"ಅಂದ್ರೆ ಏಣಿಯಣ್ಣನ ಕೈಯಲ್ಲಿರೋದು ಇದಲ್ಲ" ಎಂದಳು ಅಕ್ಕ.

"ಇದೇ ಅಕ್ಕಾ. ಸ್ಟಿಕರ್ ಇದೆ, ಜಾಗ ಇದೆ. ಪಟ್ಟಿ ಹಳೇ ಉತ್ತರ ತೋರಿಸ್ತಿರಬೇಕು." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವಂಥವನೇನಲ್ಲ ಅವನು. ಆದರೆ ಮೊಲ ಎಲ್ಲಿದೆಯೆಂದೇ ಗೊತ್ತಿಲ್ಲದಾಗ ಕಾಲು ಎಣಿಸುವುದು ಹೇಗೆ? ಅವನ ದನಿಯಲ್ಲೂ ಗಟ್ಟಿತನ ಇರಲಿಲ್ಲ.

ಅಕ್ಕ ಇನ್ನೊಂದು ಮನೆ ಓದಿದಳು. "ಸರ್, ಇದು ನಾನೂರ ಹತ್ತು ದಿನದಿಂದ ಆರದೆ ಓಡ್ತಿದೆ ಅಂತಿದೆ. ಎಂಟು ತಿಂಗಳ ಹಿಂದೆ ಮಕ್ಕಳ ವಾರ್ಡಿರೋ ಹೊಸ ಕಟ್ಟಡಕ್ಕೆ ಪೂರ್ತಿ ಕರೆಂಟ್ ತೆಗೆದಿರಲಿಲ್ವಾ? ಮಕ್ಕಳನ್ನೆಲ್ಲ ಕೆಳಗೆ ಇಳಿಸಿದ್ರಲ್ಲ, ದಿನಪೂರ್ತಿ ಫೋನು ನನಗೇ ಬರ್ತಿತ್ತು."

ಇಂಜಿನಿಯರು ಕುರ್ಚಿ ಎಳೆದುಕೊಂಡು ಕೂತ. ಆ ದಿನ ಹೊಸ ಕಟ್ಟಡದಲ್ಲಿ ಒಂದು ಬಲ್ಬೂ ಉರಿದಿರಲಿಲ್ಲ. ಅಲ್ಲಿದ್ದ ಯಾವ ಪೆಟ್ಟಿಗೆಯೂ ನಾನೂರ ಹತ್ತು ದಿನ ಓಡಿರಲು ಸಾಧ್ಯವಿಲ್ಲ. ಅವನು ಉತ್ತರ ಬಂದ ದಾರಿ ಹಿಡಿದು ಹಿಂದಕ್ಕೆ ಹುಡುಕಿದ. ದಾರಿ ನೆಲಮಾಳಿಗೆಯ ತನಕ ಬಂತು. ಅಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲು ಬಾರದ ಒಂದು ಹಳೆಯ ಮೂಗ ಪೆಟ್ಟಿಗೆ ಇತ್ತು. ಅದರಾಚೆ ತಂತಿ ಎತ್ತ ಹೋಗಿದೆಯೆಂದು ಯಾವ ನಕ್ಷೆಯಲ್ಲೂ ಇರಲಿಲ್ಲ.

"ಎಲ್ಲೋ ಇದೆ" ಎಂದ ಅವನು. "ಆದ್ರೆ ಎಲ್ಲಿ ಅಂತ ಅದಕ್ಕೇ ಗೊತ್ತಿಲ್ಲ."

ಬಿಸಿ ಅರವತ್ತೊಂಬತ್ತಾಯಿತು.

ಮಕ್ಕಳ ವಾರ್ಡ್, ಮೂರನೇ ಮಹಡಿ ಎಂದು ಅಕ್ಕ ತುಟಿಯಲ್ಲೇ ಅಂದುಕೊಂಡಳು. ಆ ಹೆಸರಿನ ಜೊತೆಗೆ ಅವಳ ಬಾಯಿಗೆ ಬಂದದ್ದು ಹೊಸ ವಾರ್ಡಿನ ಆರುನೂರ ಎರಡಲ್ಲ. ಮುನ್ನೂರ ಹದಿನೆಂಟು. ಹಳೆಯ ನಂಬರು. ಐದು ವರ್ಷದ ಹಿಂದೆ ಮಕ್ಕಳ ವಾರ್ಡು ಹಳೇ ಕಟ್ಟಡದಲ್ಲಿತ್ತು. ಅಲ್ಲೂ ಮೂರನೇ ಮಹಡಿಯೇ!

"ಸರ್, ಅದು ಸುಳ್ಳು ಹೇಳ್ತಿಲ್ಲ. ವಾರ್ಡು ಹೊಸ ಕಟ್ಟಡಕ್ಕೆ ಹೋದ ವಿಷಯ ಅದಕ್ಕೆ ಯಾರೂ ಹೇಳಿಲ್ಲ."

"ಹಳೇ ವಾರ್ಡಿನ ಪೆಟ್ಟಿಗೆಗಳನ್ನೆಲ್ಲ ತೆಗೆದಾಯ್ತಲ್ಲ" ಎಂದ ಇಂಜಿನಿಯರು. ಅಂದವನೇ, "ತೆಗೆದಾಯ್ತು ಅಂತ ಹೇಳಿದ್ರು" ಎಂದು ತಿದ್ದಿಕೊಂಡ.

ಅವನು ನೆಲಮಾಳಿಗೆಗೆ ಓಡಿದ. ಅಕ್ಕ ಏಣಿಯಣ್ಣನನ್ನು ಹಳೇ ಕಟ್ಟಡದ ಬಾಗಿಲಿಗೆ ಬರಹೇಳಿ ತಾನೇ ಹೊರಟಳು. ಮೂವತ್ತೆರಡು ವರ್ಷದಲ್ಲಿ ಸಾವಿರಾರು ಸಲ ಕರೆ ಕಳಿಸಿದ್ದ ಜಾಗಕ್ಕೆ ಈಗ ಮೊದಲ ಸಲ ಕಾಲಲ್ಲಿ ಹೋಗುತ್ತಿದ್ದಳು. ದಾರಿ ತಪ್ಪಲು ಎರಡು ನಿಮಿಷವೂ ಬೇಕಾಗಲಿಲ್ಲ. ಒಂದೇ ಬಣ್ಣದ ಗೋಡೆ, ಒಂದೇ ಥರದ ಬಾಗಿಲು. ಎಡಕ್ಕೆ ತಿರುಗಿದರೆ ಕಣ್ಣಿನ ವಿಭಾಗ, ಬಲಕ್ಕೆ ತಿರುಗಿದರೂ ಕಣ್ಣಿನ ವಿಭಾಗ. ಗಾಲಿಕುರ್ಚಿಯಲ್ಲಿದ್ದ ಅಜ್ಜನೊಬ್ಬ, "ಮೂರನೇ ಸಲ ಬರ್ತಿದ್ದೀಯಲ್ಲಮ್ಮ, ಯಾರನ್ನ ಹುಡುಕ್ತಿದ್ದೀಯಾ?" ಎಂದು ಕೇಳಿದ. ಪೆಟ್ಟಿಗೆಯನ್ನು ಎಂದು ಹೇಳಲು ನಾಚಿಕೆಯಾಗಿ, "ನಮ್ಮವರನ್ನ" ಅಂದಳು. ಅಜ್ಜನೇ ಅಂಗಳ ದಾಟುವ ಬಾಗಿಲು ತೋರಿಸಿಕೊಟ್ಟ.

ಹಳೇ ಕಟ್ಟಡದ ಮೂರನೇ ಮಹಡಿ ಈಗ ಬಟ್ಟೆಯ ಉಗ್ರಾಣವಾಗಿತ್ತು. ಹಾಸಿಗೆ ಚಾದರ, ಕಂಬಳಿ, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ಗಂಟುಗಳು ಸೂರಿನ ತನಕ ಪೇರಿಸಿದ್ದವು. ನಡುವೆ ಒಬ್ಬ ಎತ್ತರದ ಹೆಂಗಸು ಚಾದರ ಮಡಿಸುತ್ತಿದ್ದಳು. "ಯಾರು ಬೇಕಿತ್ತು?" ಅಂದಳು. ಆ ಗೊಗ್ಗರು ದನಿ ಕೇಳುತ್ತಲೇ ಅಕ್ಕನಿಗೆ ಗುರುತು ಸಿಕ್ಕಿತು.

"ನೀವು ಇಪ್ಪತ್ತೊಂಬತ್ತು. ಬಟ್ಟೆ ವಿಭಾಗ."

"ಅಯ್ಯೋ, ಹಲೋ ಅಕ್ಕಾನಾ! ದನಿ ಕೇಳಿ ಆರಡಿ ಇರಬೇಕು ಅಂದ್ಕೊಂಡಿದ್ದೆ. ನೀವು ಇಷ್ಟು ಕುಳ್ಳಾ?"

ನಗಲು ಹೊತ್ತಿರಲಿಲ್ಲ. ಇಲ್ಲಿ ಗೋಡೆಯ ಮೇಲೆ ಎಲ್ಲಾದರೂ ದೀಪ ಮಿನುಗುವ ಕಬ್ಬಿಣದ ಪೆಟ್ಟಿಗೆ ಇದೆಯೇ ಎಂದು ಅಕ್ಕ ಕೇಳಿದಳು. ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲ ಎಂದಳು ಬಟ್ಟೆಯವಳು. ಬಿಸಿಯಾಗಿರೋ ಜಾಗ? ಅದಕ್ಕೆ ಅವಳ ಮುಖ ಅರಳಿತು.

"ಅದಾ? ಆ ಮೂಲೇಲಿ ಗೋಡೆಗೂಡಿದೆ ನೋಡಿ, ಯಾವಾಗಲೂ ಬೆಚ್ಚಗಿರುತ್ತೆ. ಯಾಕೋ ಗೊತ್ತಿಲ್ಲ. ಸರಿಯಾಗಿ ಒಣಗದ ಕಂಬಳಿ ಬಂದ್ರೆ ಅದರೊಳಗೆ ತುರುಕ್ತೀವಿ. ಎರಡು ಗಂಟೇಲಿ ಗರಿಗರಿ. ಯಾವಾಗಲೂ ಒಂದೆರಡೇ, ಇವತ್ತು ಬೆಳಿಗ್ಗೆ ಹನ್ನೆರಡು ಹಾಕಿದ್ದೀನಿ."

ಏಣಿಯಣ್ಣ ಅಷ್ಟರಲ್ಲಿ ಬಂದಿದ್ದ. ಮೂವರೂ ಸೇರಿ ಗೂಡಿನ ಬಾಗಿಲು ತೆಗೆದರು. ಕಾವು ಮುಖಕ್ಕೆ ಬಡಿಯಿತು, ಜೊತೆಗೆ ಉಣ್ಣೆ ಕಮರಿದ ವಾಸನೆ. ಕಂಬಳಿಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಹಾಕಿದರು. ಕೊನೆಯದರ ಅಂಚು ಕಂದುಗಟ್ಟಿತ್ತು. ಅದರ ಹಿಂದೆ ಧೂಳು ಹಿಡಿದ ಒಂದು ಪೆಟ್ಟಿಗೆ. ಮಾಸಿದ ಸ್ಟಿಕರಿನಲ್ಲಿ ನಲವತ್ತೊಂದು. ಏಳು ಪುಟ್ಟ ದೀಪಗಳು.

"ಇಲ್ಲಿದ್ದೀಯೇನಪ್ಪಾ ನೀನು" ಎಂದಳು ಅಕ್ಕ. ಯಾರಿಗೆ ಹೇಳಿದಳೋ.

ಇಂಜಿನಿಯರಿಗೆ ಫೋನು ಮಾಡಿದಳು. ಅವನು ನೆಲಮಾಳಿಗೆಯಿಂದಲೇ ಕೂಗಿದ: "ಅದರ ಪ್ಲಗ್ ಕಿತ್ತುಬಿಡಿ ಅಕ್ಕಾ! ಬೆಂಕಿ ಹತ್ತೀತು! ಆ ಮಹಡೀಲಿ ನಮ್ಮದೇನೂ ಇಲ್ಲ."

ಏಣಿಯಣ್ಣ ಪ್ಲಗ್ಗಿಗೆ ಕೈ ಹಾಕಿದ. ಅಕ್ಕ ಅವನ ಮಣಿಕಟ್ಟು ಹಿಡಿದಳು. ಹಿಡಿದಮೇಲೆ ಯಾಕೆ ಹಿಡಿದೆನೆಂದು ಅವಳಿಗೇ ಗಾಬರಿಯಾಯಿತು. ಮುಟ್ಟಬೇಡಿ ಎಂದು ಚೀಟಿ ಅಂಟಿಸಿಕೊಂಡವಳು ಇಂಜಿನಿಯರ ಮಾತಿಗೆ ಅಡ್ಡ ನಿಲ್ಲುವುದೆಂದರೇನು?

"ಸರ್, ಕಂಬಳಿ ಎಲ್ಲ ತೆಗೆದಿದ್ದೀವಿ. ಗಾಳಿ ಆಡ್ತಿದೆ. ಇದರಲ್ಲಿ ಏಳು ದೀಪ ಇದೆ."

"ಇದ್ರೆ ಇರಲಿ!"

"ದೀಪ ಇದೆ ಅಂದ್ರೆ ಆ ಕಡೆ ತುದೀಲಿ ಏನೋ ಇದೆ ಅಂತ ನೀವೇ ಹೇಳಿದ್ರಿ. ಏನಿದೆ?"

ಫೋನಿನ ಆ ಕಡೆ ಇಂಜಿನಿಯರು ನಕ್ಷೆಯ ಹಾಳೆ ಮಗುಚುವ ಸದ್ದು ಕೇಳಿಸಿತು. ತೆಗೆದರೆ ಏನು ನಿಲ್ಲುತ್ತದೋ, ಬಿಟ್ಟರೆ ಏನು ಹೊತ್ತಿಕೊಳ್ಳುತ್ತದೋ. ಅತ್ತ ದರಿ, ಇತ್ತ ಪುಲಿ. ಬಟ್ಟೆಯವಳು ಇದ್ಯಾವುದರ ತಲೆಬುಡ ತಿಳಿಯದೆ, ಸುಮ್ಮನಿರಲೂ ಆಗದೆ, ಒಂದು ಮಡಿಸಿದ ಚಾದರ ಹಿಡಿದು ಪೆಟ್ಟಿಗೆಗೆ ಗಾಳಿ ಬೀಸತೊಡಗಿದಳು.

ಏಣಿಯಣ್ಣ ಟಾರ್ಚು ಬಿಟ್ಟು ತಂತಿಗಳನ್ನು ನೋಡಿದ. ಆರಕ್ಕೆ ಯಾವ ಗುರುತೂ ಇಲ್ಲ. ಏಳನೆಯದಕ್ಕೆ ಯಾರೋ ದಾರದಲ್ಲಿ ಕಾಗದದ ಚೂರು ಕಟ್ಟಿದ್ದರು. "ಏನೋ ನಂಬರು ಇದೆ ಅಕ್ಕಾ. ಮುನ್ನೂರ ಇಪ್ಪತ್ತೇಳು. ಏನೋ ಏನು ಕತೆಯೋ."

"ಬ್ಲಡ್ ಬ್ಯಾಂಕು" ಎಂದಳು ಅಕ್ಕ ತಟ್ಟನೆ. "ಮುನ್ನೂರ ಇಪ್ಪತ್ತೇಳು ಬ್ಲಡ್ ಬ್ಯಾಂಕು. ಸರ್, ಕೇಳಿಸ್ತಾ?"

ಕೇಳಿಸಿತ್ತು. ಐದೇ ನಿಮಿಷದಲ್ಲಿ ಇಂಜಿನಿಯರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಗೂಡಿನ ಬಾಗಿಲು ಪೂರ್ತಿ ತೆಗೆದಿಟ್ಟರು, ಬಟ್ಟೆಯವಳು ಮೇಜಿನ ಫ್ಯಾನು ತಂದು ಹಚ್ಚಿದಳು. ಬಿಸಿ ಐವತ್ತಕ್ಕಿಳಿಯಿತು. ಹಳೇ ಕಟ್ಟಡದ ನೆಲಮಹಡಿಯಲ್ಲಿ ರಕ್ತದ ಚೀಲಗಳನ್ನಿಡುವ ಮೂರು ದೊಡ್ಡ ಫ್ರಿಜ್ಜುಗಳಿದ್ದವು. ಅವುಗಳ ತಂಪು ಕಡಿಮೆಯಾದರೆ ಡ್ಯೂಟಿಯ ಡಾಕ್ಟರಿಗೆ ಎಚ್ಚರಿಕೆ ಮುಟ್ಟಿಸುವ ತಂತಿ ಈ ಪೆಟ್ಟಿಗೆಯ ಮೂಲಕವೇ ಹೋಗುತ್ತಿತ್ತು. ಪ್ಲಗ್ ಕಿತ್ತಿದ್ದರೂ ಆ ಕ್ಷಣಕ್ಕೆ ಏನೂ ಆಗುತ್ತಿರಲಿಲ್ಲ. ಫ್ರಿಜ್ಜು ಓಡುತ್ತಲೇ ಇರುತ್ತಿತ್ತು. ಎಂದಾದರೊಮ್ಮೆ ನಿಂತಾಗ ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟೇ. ಉಳಿದ ಆರರಲ್ಲಿ ಐದರ ತುದಿ ಅಂದೇ ಸಂಜೆಯೊಳಗೆ ಸಿಕ್ಕಿತು: ಎರಡು ಫೋನು, ಲಿಫ್ಟಿನ ತುರ್ತು ಗಂಟೆ, ಬಾಗಿಲಿನ ಎರಡು ಕ್ಯಾಮೆರಾ. ಒಂದು ಸಿಗಲಿಲ್ಲ.

ಆದದ್ದು ಇಷ್ಟು. ವಾರ್ಡು ಹೊಸ ಕಟ್ಟಡಕ್ಕೆ ಹೋದಾಗ ಗುತ್ತಿಗೆಯವರು ಅಲ್ಲೊಂದು ಹೊಸ ಪೆಟ್ಟಿಗೆ ಹಾಕಿ, ಹಳೆಯದರ ನಂಬರನ್ನೇ ಅಂಟಿಸಿದ್ದರು. ಹೊಸದನ್ನು ಪಟ್ಟಿಗೆ ಸೇರಿಸಲು ಮರೆತಿದ್ದರು, ಹಳೆಯದನ್ನು ಕೀಳಲು ಮರೆತಿದ್ದರು. ಎರಡು ಮರೆವು ಸೇರಿ ಐದು ವರ್ಷ ಲೆಕ್ಕ ಸರಿಯಾಗಿಯೇ ಕಂಡಿತ್ತು.

ಅಂದು ಮನೆಗೆ ಬಂದ ಅಕ್ಕ ಇದನ್ನೆಲ್ಲ ಹೇಳಿದಾಗ ಗಂಡ ಕೈಯಲ್ಲಿದ್ದ ಬೀಗ ಕೆಳಗಿಟ್ಟ. "ನಿಂಗೆ ಹೇಗೆ ಗೊತ್ತಾಯ್ತೇ ಅದು ಬೇರೆ ಪೆಟ್ಟಿಗೆ ಅಂತ?"

"ಗೊತ್ತಾಗಲಿಲ್ಲ ರೀ. ಈಗಲೂ ಪೂರ್ತಿ ಗೊತ್ತಾಗಿಲ್ಲ. ಮಾತು ಹೊಂದ್ತಿರಲಿಲ್ಲ, ಅದಕ್ಕೆ ಕೇಳ್ತಾ ಹೋದೆ."

"ಏನಂತೆ?" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಪೆಟ್ಟಿಗೆಗೆ ಜ್ವರ ಇಳೀತಂತಮ್ಮ!" ಎಂದ ಗಂಡ.

"ಕಂಬಳಿ ಹೊದಿಸಿದ್ರಾ?"

ಗಂಡ ಹೆಂಡತಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ತಾನೇನು ತಪ್ಪು ಕೇಳಿದೆನೆಂದು ತಿಳಿಯದೆ ಅತ್ತೆ ಎರಡು ದಿನ ಮುನಿಸಿಕೊಂಡಿದ್ದರು.

ಮರುವಾರ ಇಂಜಿನಿಯರು ಅವಳ ಮೇಜಿನ ಮುಂದೆ ಬಂದು ನಿಂತ. "ಅಕ್ಕಾ, ನಾನು ಅವತ್ತು ಕಿತ್ತುಬಿಡಿ ಅಂದಿದ್ದೆ" ಎಂದ. ಹಣೆ ಒತ್ತಿಕೊಂಡ. "ಬೆಂಕಿ ಹತ್ತುತ್ತೆ ಅಂತ ಹೆದರಿದ್ರಿ, ಅದೂ ಸರೀನೇ" ಎಂದಳು ಅಕ್ಕ. ಆಮೇಲೆ ಅವನು ಒಂದು ಕೆಲಸ ಒಪ್ಪಿಸಿದ. ನೂರ ನಲವತ್ತು ಪೆಟ್ಟಿಗೆಗಳನ್ನೂ ಕಣ್ಣಾರೆ ನೋಡಿ, ಅವು ಹೇಳುವ ಜಾಗದಲ್ಲಿಯೇ ಇವೆಯೇ ಎಂದು ಪರೀಕ್ಷಿಸಬೇಕು. ತಪ್ಪಿದ್ದರೆ ತಿದ್ದಲು ಒಂದೇ ಒಂದು ಮನೆಯನ್ನು, ಎಲ್ಲಿದ್ದೀಯ ಅನ್ನುವುದನ್ನು, ಬದಲಾಯಿಸುವ ಅಧಿಕಾರ ಕೊಟ್ಟ.

ಹೀಗೆ ಐವತ್ತೆರಡನೇ ವಯಸ್ಸಿಗೆ ಹಲೋ ಅಕ್ಕ ಆಸ್ಪತ್ರೆಯನ್ನು ನೋಡಲು ಹೊರಟಳು. ಏಣಿಯಣ್ಣ ಮುಂದೆ, ಅವಳು ಹಿಂದೆ, ಕೈಯಲ್ಲಿ ಉದ್ದನೆಯ ನೋಟುಪುಸ್ತಕ. ನಾಲ್ಕು ತಿಂಗಳು ಹಿಡಿಯಿತು. ದಿನಕ್ಕೆರಡು ಸಲವಾದರೂ ದಾರಿ ತಪ್ಪುತ್ತಿತ್ತು. ಬೆಪ್ಪಾಗಿ ನಿಂತಾಗ ಯಾರಾದರೂ "ಏನಾಗಬೇಕಿತ್ತು?" ಅನ್ನುವರು. ಅವಳು ದನಿಯಿಂದ ಗುರುತು ಹಿಡಿದು ಅವರ ಹಳೆಯ ನಂಬರು ಹೇಳುವಳು. ಅವರು ಕಕ್ಕಾಬಿಕ್ಕಿಯಾಗಿ ನೋಡುವರು. ಸುಲಭವಾಗಬಹುದೆಂದುಕೊಂಡ ಕೆಲಸ ಹತ್ತಿರ ಹೋದಷ್ಟೂ ಸಿಕ್ಕುಸಿಕ್ಕಾಯಿತು. ಒಂದೇ ಕೋಣೆಯನ್ನು ನರ್ಸುಗಳು ಡ್ರೆಸಿಂಗ್ ರೂಮು ಎಂದರೆ, ಗುಡಿಸುವವರು ಹಿಂದಿನ ರೂಮು ಅನ್ನುತ್ತಿದ್ದರು, ಬಾಗಿಲ ಮೇಲೆ ಗ್ರಂಥಾಲಯ ಎಂದಿತ್ತು. ಪೆಟ್ಟಿಗೆಯೊಳಗೆ ಯಾವುದನ್ನು ಬರೆಯುವುದು? ಅವಳು ಮೂರನ್ನೂ ಬರೆದಳು. ಜಾಗ ಸಾಲಲಿಲ್ಲ. ಗ್ರಂಥಾಲಯವನ್ನು ಅಳಿಸಿದಳು. ಮನಸ್ಸಿಗೆ ಒಗ್ಗದೆ ಸಂಜೆ ಮತ್ತೆ ಬರೆದು, ಗುಡಿಸುವವರದನ್ನು ಅಳಿಸಿದಳು. ಮಾರನೆಯ ದಿನ ಗುಡಿಸುವವಳನ್ನು ಎದುರಿಗೆ ಕಂಡಾಗ ಏನೋ ತಪ್ಪು ಮಾಡಿದಂತೆ ಅವಳಿಗೆ ಮುಜುಗರವಾಯಿತು.

ಹನ್ನೊಂದು ಪೆಟ್ಟಿಗೆಗಳು ಹೇಳಿದ ಜಾಗದಲ್ಲಿರಲಿಲ್ಲ. ಹತ್ತು ಸಿಕ್ಕಿದವು. ಹನ್ನೊಂದನೆಯದು ತೊಂಬತ್ತೇಳನೇ ನಂಬರಿನದು. ಎಲ್ಲಿದ್ದೀಯ ಎಂದು ಕೇಳಿದರೆ ಅದು ಕೊಡುತ್ತಿದ್ದ ಉತ್ತರ: "ಇಲ್ಲೇ." ಗೋಡೆಗೆ ಹಾಕಿದ ಪುಣ್ಯಾತ್ಮ ಯಾರೋ, ಪೆಟ್ಟಿಗೆಯ ಮುಂದೆ ನಿಂತು ಹಾಗೆಂದು ಟೈಪು ಮಾಡಿ ಹೋಗಿದ್ದ. ಇಂಜಿನಿಯರು ಅದರ ದಾರಿ ಹಿಡಿದ; ಮತ್ತೊಂದು ಮೂಗ ಪೆಟ್ಟಿಗೆಗೆ ಬಂದು ನಿಂತ. ಮೂರು ತಂತಿಗಳಿಗೆ ಜೀವವಿತ್ತು. ಬಿಸಿ ಸದಾ ಮೂವತ್ತೊಂದು. ಯಾರಿಗೂ ಯಾವ ತೊಂದರೆಯೂ ಇಲ್ಲ. ಕೀಳಲು ಅದು ಸಿಗಬೇಕು. ಪಟ್ಟಿಯಿಂದ ತೆಗೆಯೋಣವೆಂದರೆ ಈಗ ಇಂಜಿನಿಯರಿಗೇ ಧೈರ್ಯವಿರಲಿಲ್ಲ.

ಅವಳು ಇನ್ನೂ ಆರು ವರ್ಷ ಆ ಕೋಣೆಯಲ್ಲಿ ದುಡಿದಳು. ಕೆಲಸ ಕೈಗೆ ಹತ್ತಿತು. ಹೊಸಬರಿಗೆ ಪಾಠ ಹೇಳುವ ಹಂತಕ್ಕೂ ಬಂದಳು. ಆದರೆ ಹೆಸರು ವಸ್ತು, ಪೆಟ್ಟಿಗೆ ವಸ್ತು ಅಲ್ಲ ಅನ್ನುವ ಸಾಲಿಗೆ ಬಂದಾಗಲೆಲ್ಲ ಅವಳ ದನಿ ತಗ್ಗುತ್ತಿತ್ತು. ಕೇಳುವವರು ತಲೆಯಾಡಿಸಿದರೆ ಅವಳಿಗೆ ಅನುಮಾನ ಬರುತ್ತಿತ್ತು. "ಅರ್ಥ ಆಯ್ತಾ? ನಂಗೆ ಅಷ್ಟು ಬೇಗ ಆಗಿರಲಿಲ್ಲಪ್ಪ" ಅನ್ನುವಳು.

ನಿವೃತ್ತಿಯ ದಿನ ಮಧ್ಯಾಹ್ನ ಸಣ್ಣದೊಂದು ಬೀಳ್ಕೊಡುಗೆ ಇತ್ತು. ಮೂಳೆ ಡಾಕ್ಟರು ಬಂದು ನಾಲ್ಕು ಮಾತಾಡಿದರು. ಅದು ಮುಗಿದ ಮೇಲೆ ಏಣಿಯಣ್ಣ ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡಿದ. ಫಿಸಿಯೋಥೆರಪಿ ಹಿಂದೆ ಒಂದು ಬೀಗ ಹಾಕಿದ ಕೋಣೆ ಇದೆಯಂತೆ, ತಾವು ನೋಡದೆ ಉಳಿದದ್ದು; ಸಿಗದ ತೊಂಬತ್ತೇಳು ಅಲ್ಲಿದ್ದರೂ ಇರಬಹುದಂತೆ. ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು. ಅಕ್ಕನನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಗಂಡ ಜೇಬಿನಿಂದ ಎರಡು ಸಣ್ಣ ಕಡ್ಡಿ ತೆಗೆದು ಎರಡೇ ನಿಮಿಷದಲ್ಲಿ ಬಾಗಿಲು ತೆಗೆದ. ಒಳಗೆ ಒಂದು ಮುರಿದ ತೂಕದ ಯಂತ್ರ, ಕಾಲಿಲ್ಲದ ಮೂರು ಸ್ಟೂಲು, ಗೋಡೆಯಲ್ಲಿ ಒಂದು ತೂತು. ತೂತಿನೊಳಗೆ ಒಂದು ಬೂದು ಬಣ್ಣದ ತಂತಿ ಹೋಗಿತ್ತು. ಏಣಿಯಣ್ಣ ಟಾರ್ಚು ಬಿಟ್ಟ. ತಂತಿ ಎಡಕ್ಕೆ ತಿರುಗಿ ಕತ್ತಲೆಗೆ ಸೇರಿಕೊಂಡಿತ್ತು.

"ಗೋಡೆಯ ಆ ಕಡೆ ಏನಿದೆ?" ಎಂದು ಅಕ್ಕ ಕೇಳಿದಳು.

ಅದು ಕಣ್ಣಿನ ವಿಭಾಗವೋ, ಅಂಗಳವೋ, ಇಬ್ಬರು ಗಂಡಸರಿಗೂ ತಿಳಿಯಲಿಲ್ಲ. ಅಕ್ಕ ಕೈಚೀಲವನ್ನು ತೂಕದ ಯಂತ್ರದ ಮೇಲಿಟ್ಟು, ನೋಟುಪುಸ್ತಕ ತೆಗೆದು, ಗೋಡೆ ಸುತ್ತಿಕೊಂಡು ಬರಲು ಹೊರಟಳು.